ಮೋರಿಯ ಮೇಲೆ ಒಂದು ನಿಮಿಷದ ಚೆಸ್

ನಾನು ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತು ಫೋನ್ ತೆಗೆದ ಕೂಡಲೇ ಅಲ್ಲಿದ್ದವರೆಲ್ಲ ಎದ್ದು ದೂರ ಹೋದರು. ಒಬ್ಬರೂ ತಿರುಗಿ ನೋಡಲಿಲ್ಲ. ಬಾಗಲಕೋಟೆ ಕಡೆಯಿಂದ ಮಲೆನಾಡಿನ ಕಡಹಿನಬೈಲಿಗೆ ಲೈನ್‌ಮನ್ ಆಗಿ ಬಂದ ಹೊಸದರಲ್ಲಿ ನನಗೆ ಸಿಕ್ಕ ಸ್ವಾಗತ ಇದು.

ನಮ್ಮ ಕಡೆ ಹೇಗೆಂದು ನಿಮಗೆ ಗೊತ್ತೇ ಇದೆ. ಫೋನ್ ತೆಗೆದರೆ ನಾಲ್ಕು ತಲೆ ಅದರೊಳಗೆ ಇಣುಕುತ್ತವೆ. ಚೆಸ್ ಆಡುತ್ತಿದ್ದರಂತೂ ಆಡುವವನಿಗಿಂತ ನೋಡುವವರದೇ ಜೋರು. ಇಲ್ಲಿ ರೊಟ್ಟಿ ಸಿಗದಿದ್ದರೂ ಹೊಟ್ಟೆ ಕಡುಬಿಗೆ ಒಗ್ಗಿಕೊಂಡಿತು. ‘ಏನು’ ಎನ್ನುವುದಕ್ಕೆ ಇವರು ‘ಎಂತ’ ಎನ್ನುವುದೂ ರೂಢಿಯಾಯಿತು. ಜನ ಎದ್ದು ಹೋಗುವುದು ಮಾತ್ರ ಅರಗಲಿಲ್ಲ. ಇವರ ಮನೆಗೆ ಬೆಳಕು ಕೊಡಲು ಕಂಬ ಹತ್ತುವವನ ಪಕ್ಕ ಕೂರಲು ಇವರಿಗೇನು ಕಷ್ಟ ಎಂದು ಒಳಗೊಳಗೇ ಉರಿಯುತ್ತಿತ್ತು. ವರ್ಗ ಕೇಳಿಕೊಂಡು ವಾಪಸ್ ಹೋಗಿಬಿಡುವುದೆಂದು ತೀರ್ಮಾನಿಸಿದ್ದೆ.

ಅಲ್ಲಿಯವರೆಗೆ ಜೊತೆಗಿದ್ದದ್ದು ಆನ್‌ಲೈನ್ ಚೆಸ್. ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಒಂದೇ ನಿಮಿಷ. ರೇಂಜ್ ಸಿಗುವುದು ಆ ಮೋರಿಯ ಹತ್ತಿರ ಮಾತ್ರ, ಅದೂ ಯಾವಾಗ ಕೈ ಕೊಡುತ್ತದೋ ಹೇಳಲಾಗದು. ನಿಧಾನಕ್ಕೆ ಕೋಟೆ ಕಟ್ಟುತ್ತಾ ಕೂತರೆ ಗೆಲ್ಲುವ ಆಟವೂ ಹೋಗುತ್ತದೆ. ಹಾಗಾಗಿ ಗ್ಯಾಂಬಿಟ್ ಕಲಿತೆ. ಎರಡನೇ ನಡೆಗೇ ನನ್ನ ರಾಜನ ಕಾವಲಿನ ಕಾಲಾಳನ್ನು ಪುಕ್ಕಟೆ ಕೊಟ್ಟು, ಎದುರಾಳಿ ಅದನ್ನು ತಿನ್ನುವಷ್ಟರಲ್ಲಿ ಅವನ ಮೇಲೆ ಮುಗಿಬೀಳುವುದು. ಗೆದ್ದರೆ ಕುಣಿದಾಡುವ ಖುಷಿ, ಸೋತರೆ ಹಣೆ ಚಚ್ಚಿಕೊಳ್ಳುವುದು. ಹೆಚ್ಚಾಗಿ ಎರಡನೆಯದೇ.

ಒಂದು ಸಂಜೆ ರಾಣಿಯನ್ನೂ ಬಿಟ್ಟುಕೊಟ್ಟು, ಇನ್ನೊಂದೇ ನಡೆಗೆ ಗೆಲ್ಲಬೇಕು, ಅಷ್ಟರಲ್ಲಿ ರೇಂಜ್ ಹೋಯಿತು. ಬರುವಷ್ಟರಲ್ಲಿ ನನ್ನ ಸಮಯ ಮುಗಿದಿತ್ತು. ತಲೆ ಮೇಲೆ ಕೈ ಹೊತ್ತು ಕೂತೆ. ತೋಟದ ಕೆಲಸ ಮುಗಿಸಿ ಮಗಳಿಗೆ ಫೋನ್ ಮಾಡಲು ಬಂದಿದ್ದ ಸರೋಜಕ್ಕ ದೂರದಿಂದ ನೋಡಿ, ತಡೆಯಲಾರದೆ ಹತ್ತಿರ ಬಂದರು.

“ಎಂತ ಆಯ್ತು ಮಾರಾಯ್ರೇ? ಊರಲ್ಲಿ ಯಾರಿಗಾದ್ರೂ ಹುಷಾರಿಲ್ವಾ? ದಿನಾ ಫೋನ್ ಹಿಡ್ಕಂಡು ಹಣೆ ಚಚ್ಕೊಳ್ತೀರಲ್ಲ.”

“ಯಾರಿಗೂ ಏನಾಗಿಲ್ಲರೀ ಅಕ್ಕಾ. ಚೆಸ್ ಆಡಾಕತ್ತಿದ್ದೆ.”

ಸರೋಜಕ್ಕ ನನ್ನ ಮುಖವನ್ನೇ ನೋಡಿ ನಗತೊಡಗಿದರು. ಮೋರಿಯ ಹತ್ತಿರ ಯಾರಾದರೂ ಫೋನ್ ಹಿಡಿದರೆ ಅವರ ಮನೆಯ ಮಾತು ಕಿವಿಗೆ ಬೀಳದಷ್ಟು ದೂರ ಸರಿಯುವುದು ಇಲ್ಲಿನ ವಾಡಿಕೆಯಂತೆ. ರೇಂಜ್ ಇರುವುದೇ ಒಂದು ಕಡೆ, ಇನ್ನು ಗುಟ್ಟು ಆಡುವುದೆಲ್ಲಿ ಎಂದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು ನನಗೆ. ನಮ್ಮ ಮನೆಯವರು ಹುಷಾರಾಗಲೆಂದು ಅವರು ದೇವರಿಗೆ ಕಾಯಿ ಬೇರೆ ಹೇಳಿಕೊಂಡಿದ್ದರು. ಈಗ ಒಡೆಸುವುದೋ ಬಿಡುವುದೋ ಎಂದು ಕೇಳಿದರು. ಒಡೆಸಿಬಿಡಿ ಎಂದೆ. ವರ್ಗದ ಮಾತನ್ನು ಅಲ್ಲಿಗೇ ಬಿಟ್ಟೆ.

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದಾಗ ಕಾಕಾನ ಮಗನಿಗೆ ಫೋನ್ ಬಂತು. ನಾನು ಯೋಚಿಸದೆಯೇ ಎದ್ದು, ಬೇವಿನ ಗಿಡದಾಚೆ ಹೋಗಿ ಬೆನ್ನು ತಿರುಗಿಸಿ ನಿಂತೆ. ಅವ್ವ ಹಿಂದೆಯೇ ಬಂದು ತೋಳು ಹಿಡಿದು ಮೆಲ್ಲಗೆ ಕೇಳಿದಳು:

“ಯಾಕಪ್ಪಾ, ನಮ್ಮ ಜೋಡಿ ಕುಂದ್ರಾಕ ಬ್ಯಾಸರ ಆತೇನು?”