ಟ್ರಾಲಿಗೆ ಕೈಯೊಡ್ಡುತ್ತಿದ್ದ ಭರಮು ಕಾಕಾ

ಓರೆಯಾಗಿ ನಿಂತ ಟ್ರಾಲಿ ಕಂಡರೆ ಭರಮು ಕಾಕಾನಿಗೆ ಊಟ ಸೇರುತ್ತಿರಲಿಲ್ಲ. ಡಬ್ಬಿ ಬಿಚ್ಚಿ ಮೊದಲ ತುತ್ತು ಎತ್ತಿದವರು ಹಾಗೇ ಎದ್ದು, ಎಡಗೈಯಿಂದಲೇ ಅದನ್ನು ಸಾಲಿಗೆ ತಳ್ಳಿ ಬರುತ್ತಿದ್ದರು. ಹಿಡಿಕೆಗಳೆಲ್ಲ ಒಂದೇ ದಿಕ್ಕಿಗೆ, ಚಕ್ರಗಳೆಲ್ಲ ಒಂದೇ ಗೆರೆಗೆ. ಸಾಂಗಲಿ-ಮಿರಜ ರಸ್ತೆಯಲ್ಲಿ ಹೊಸದಾಗಿ ಎದ್ದ ದೊಡ್ಡ ಅಂಗಡಿ ಅದು. ಗ್ರಾಹಕರ ತಕರಾರು ಬರೆದುಕೊಳ್ಳುವ ಟೇಬಲ್ಲು ನನ್ನದು, ಹೊರಗಿನ ಪಾರ್ಕಿಂಗು ಅವರದು. ನಾನು ಮಿರಜ ಬಳಿಯ ಬೇಡಗದವಳು, ಅವರು ಮಾಧವನಗರದ ಜೈನರು. ಮರಾಠಿಯೇ ನಡೆಯುವ ಆ ಇಡೀ ಅಂಗಡಿಯಲ್ಲಿ ಕನ್ನಡ ಮಾತಾಡಲು ನಮಗೆ ಒಬ್ಬರಿಗೊಬ್ಬರೇ ಗತಿ.

ನಮ್ಮ ಜನಕ್ಕೆ ಆಗ ಟ್ರಾಲಿ ಹೊಸದು. ಅಂಗಡಿಯೊಳಗೆ ಅದನ್ನು ಮದುಮಗನ ಕುದುರೆಯಂತೆ ಮೆರೆಸುತ್ತಿದ್ದವರು ಸಾಮಾನು ಕಾರಿಗೇರಿದ ಮೇಲೆ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ತಂದ ಜಾಗಕ್ಕೇ ಬಿಡಿ ಎಂದು ಮೂರು ಕಡೆ ಬೋರ್ಡು ಹಾಕಿದ್ದರು. ಬೋರ್ಡಿಗೇ ಒರಗಿಸಿ ಹೋಗುವ ಮಹಾನುಭಾವರೂ ಇದ್ದರು. ಎತ್ತಿಡಲು ಆಳಿದ್ದಾನಲ್ಲ ಎನ್ನುವುದು ಊರ ನ್ಯಾಯ.

ಆ ಆಳು ಇಪ್ಪತ್ತಾರು ವರ್ಷ ಬಟ್ಟೆ ಗಿರಣಿಯಲ್ಲಿ ನೂಲಿನ ಗಾಡಿ ತಳ್ಳಿದವರು. ಗಿರಣಿ ಮುಚ್ಚಿತ್ತು, ರೀತಿ ಮಾತ್ರ ಅವರ ಮೈಯಲ್ಲಿ ಉಳಿದಿತ್ತು.

"ಗಿರಣ್ಯಾಗ ಗಾಡಿ ಎಲ್ಲೆಂದ್ರಲ್ಲೆ ಬಿಟ್ಟು ಹೋಗೂ ಪದ್ಧತಿ ಇರ್ಲಿಲ್ಲ ಮಗಳ," ಎನ್ನುತ್ತಿದ್ದರು. "ಮುಂದಿನ ಪಾಳ್ಯಾವ ಬರೂತನಾ ನಿಂದರಬೇಕು. ಅವ ಎರಡೂ ಕೈ ಒಡ್ಡಬೇಕು, ನಾವು ಹಿಡಿಕಿ ಅವನ ಕೈಯಾಗ ಕೊಡಬೇಕು. ಬಿಟ್ಟು ಹೋದವಂಗ ಮರುದಿನ ಚಹಾಕ್ಕ ಯಾರೂ ಕರೀತಿರ್ಲಿಲ್ಲ."

ಅದನ್ನೇ ಅವರು ಇಲ್ಲಿಗೂ ತಂದರು. ಡಿಕ್ಕಿ ಮುಚ್ಚುವ ಸದ್ದಾದರೆ ಸಾಕು, ಕಾರಿನ ಹಿಂದೆ ಹೋಗಿ ಎರಡೂ ಅಂಗೈ ಮೇಲೆ ಮಾಡಿ ನಿಲ್ಲುತ್ತಿದ್ದರು. ಒಮ್ಮೆ ಬುಧಗಾಂವದ ಮುದುಕಿಯೊಬ್ಬಳು ಟ್ರಾಲಿ ತಳ್ಳಿಕೊಂಡು ಸೀದಾ ಬಸ್ ಸ್ಟಾಪಿಗೇ ಹೊರಟಳು. ಕಾಕಾ ಓಡಿದರು. ಚೀಲ ತಾವೇ ಹೊತ್ತು ಬಸ್ಸಿಗೇರಿಸಿದರು. ಮುದುಕಿ ಹಿಡಿಕೆಯನ್ನು ಅವರ ಕೈಗಿಟ್ಟು, "ತಗೋಪಾ ನಿನ್ನ ಗಾಡಿ. ಶಾಣ್ಯಾ ಐತಿ, ಮೇವು ಕೇಳೂದಿಲ್ಲ," ಅಂದಳಂತೆ. "ಇಡೀ ಸಾಂಗಲ್ಯಾಗ ರೀತಿ ಗೊತ್ತಿದ್ದಾಕಿ ಈಕಿ ಒಬ್ಬಾಕಿನ ನೋಡು," ಎಂದು ಕಾಕಾ ವಾರವೆಲ್ಲ ಹೇಳಿಕೊಂಡು ತಿರುಗಿದರು. ಅಂಥ ಇನ್ನೊಬ್ಬಾಕೆ ಬರಲೇ ಇಲ್ಲ.

ಉಳಿದವರ ಕಣ್ಣಿಗೆ ಆ ಒಡ್ಡಿದ ಕೈಗೆ ಇದ್ದದ್ದು ಒಂದೇ ಅರ್ಥ. ನನಗದು ಮೊದಲೇ ಹೊಳೆಯಬೇಕಿತ್ತು. ಹೊಳೆದಿತ್ತು ಕೂಡ. ಊರ ಉಸಾಬರಿ ನನಗೇಕೆಂದು ಸುಮ್ಮನಿದ್ದೆ.

ಒಂದು ರವಿವಾರ, ಯಾರೋ ಮರೆತ ಛತ್ರಿ ಕೊಡಲು ನಾನು ಬಾಗಿಲಾಚೆ ಹೋಗಿದ್ದೆ. ಹೊಸ ಕಾರಿನವನೊಬ್ಬ ಕಾಕಾನ ಅಂಗೈಗೆ ಐದರ ನಾಣ್ಯ ಹಾಕಿದ. ಕಾಕಾ ಅದನ್ನು ಮೆಲ್ಲಗೆ ಕಾರಿನ ಮೇಲಿಟ್ಟು ಮತ್ತೆ ಕೈಯೊಡ್ಡಿದರು. ಸಾಲದೇನೋ ಎಂದು ಆತ ಹತ್ತರ ನೋಟು ಇಟ್ಟ. ಅದೂ ಕಾರಿನ ಮೇಲೇ ಹೋಯಿತು. "ಇದಲ್ಲ ಸಾಹೇಬ, ಗಾಡಿ ಕೊಡ್ರಿ," ಎಂದು ಕಾಕಾ ಮರಾಠಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆತನಿಗೆ ಕೇಳಿಸಿದ್ದು ಇನ್ನೂ ಹೆಚ್ಚಿನ ಬೇಡಿಕೆ. ಟ್ರಾಲಿಯನ್ನು ಒದ್ದು, ನಾನು ಒಳಗೆ ಮರಳಿ ಕೂರುತ್ತಲೇ ಸೀದಾ ನನ್ನ ಟೇಬಲ್ಲಿಗೆ ಬಂದ.

ಆತ ಹೇಳಿದ, ನಾನು ಬರೆದೆ: "ಪಾರ್ಕಿಂಗಿನ ಮುದುಕ ಭಿಕ್ಷೆ ಬೇಡುತ್ತಾನೆ. ಕಡಿಮೆ ಕೊಟ್ಟರೆ ತಿರುಗಿ ಇಡುತ್ತಾನೆ." ನಾನು ಖಾಯಂ ಆಗಲು ಇನ್ನೆರಡು ತಿಂಗಳಿತ್ತು. ಬರೆದದ್ದನ್ನು ಹಾಗೇ ಮ್ಯಾನೇಜರಿಗೆ ಕಳಿಸಿದೆ.

ಮರುದಿನ ಮ್ಯಾನೇಜರು ಆ ಕಾಗದ ತೋರಿಸಿ ಕಾಕಾನನ್ನು ಕೆಲಸದಿಂದ ತೆಗೆದರು. ಕಾಕಾ ಅದನ್ನು ಹಿಡಿದುಕೊಂಡೇ ನನ್ನ ಬಳಿ ಬಂದರು.

"ಇದನ್ನ ನೀ ಬರದೀಯೇನು?"

"ಗಿರಾಕಿ ಹೇಳಿದಂಗ ಬರೀಬೇಕಾಗ್ತದ್ರಿ ಕಾಕಾ."

"ನೀ ಅಲ್ಲೇ ನಿಂತಿದ್ದಿ."

"ನಿಂತಿದ್ದೆ."

"ಕೆಲಸ ಹೋದ್ರ ಹೋತು. ಆದ್ರ ಮನ್ಯಾಗ ಏನಂತ ಹೇಳ್ಲಿ? ಭರಮು ಬೇಡಾಕ ಹತ್ತಿದ್ದ ಅಂತೇನು? ಕೆಳಗ ಇನ್ನೂ ಜಾಗಾ ಐತಿ ನೋಡು. ಒಂದ ಸಾಲು ಬರಿ. ಅವ ರೊಕ್ಕಾ ಬೇಡ್ಲಿಲ್ಲ, ಗಾಡಿ ಬೇಡಿದ್ದ ಅಂತ ಒಂದ ಸಾಲು."

ಜಾಗ ನಿಜವಾಗಿಯೂ ಇತ್ತು, ನಾಲ್ಕು ಸಾಲಿಗೆ ಸಾಕಾಗುವಷ್ಟು. ಮ್ಯಾನೇಜರನ್ನು ಕೇಳಿ ಬರೆಯುತ್ತೇನೆ ಎಂದೆ. ಅವರು ಅಂಗಡಿಯವರು ಕೊಟ್ಟಿದ್ದ ನೀಲಿ ಅಂಗಿಯನ್ನು ಮಡಿಚಿ ಟೇಬಲ್ಲಿನ ಮೇಲಿಟ್ಟು ಸಂಜೆಯ ತನಕ ಗೇಟಿನ ಹೊರಗೆ ಕಾದು ನಿಂತಿದ್ದರು. ನಾನು ಮ್ಯಾನೇಜರನ್ನು ಕೇಳಲಿಲ್ಲ. ಮನೆಗೆ ಹೋಗುವಾಗ ಹಿಂದಿನ ಬಾಗಿಲಿಂದ ಹೋದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಹೇಳಿದರೆ ಹಗುರಾದೀತು ಎನ್ನುವುದೂ ಸುಳ್ಳು.

ಅವರನ್ನು ಕೊನೆಯ ಸಲ ಕಂಡದ್ದು ಮಾಧವನಗರದಲ್ಲಿ. ಅವ್ವನ ತಂಗಿ ಮಾವಶಿಯ ಮನೆಗೆಂದು ಪೇಢೆಯ ಪೊಟ್ಟಣ ಹಿಡಿದು ಆಟೋದಿಂದ ಇಳಿದರೆ, ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದರು. ತಪ್ಪಿಸಿಕೊಂಡು ಹೋಗಲು ದಾರಿ ಇರಲಿಲ್ಲ. ಅವರೇ ಕರೆದರು.

"ಏನ್ ಮಗಳ, ಆರಾಮ? ಪೇಢೆ ಯಾತರದು?"

ಸುಳ್ಳು ಹೇಳಬಹುದಿತ್ತು. ಆ ಹೊತ್ತಿಗೆ ಅದೂ ಬರಲಿಲ್ಲ. "ಕೆಲಸ ಖಾಯಂ ಆತ್ರಿ ಕಾಕಾ," ಎಂದೆ.

"ಚಲೋ ಆತು," ಎಂದರು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಪೊಟ್ಟಣ ಬಿಚ್ಚಿ ಒಂದು ಪೇಢೆ ಮುಂದೆ ಹಿಡಿದೆ. ನಮ್ಮ ಕಡೆ ಖುಷಿಯ ಪೇಢೆಯನ್ನು ವೈರಿಯೂ ಬೇಡ ಅನ್ನುವುದಿಲ್ಲ. ಕಾಕಾ ಬೇಡ ಅನ್ನಲಿಲ್ಲ. ಕೈ ಮಾತ್ರ ಕಂಕುಳಲ್ಲೇ ಇತ್ತು.

"ಅಲ್ಲೇ ಕಟ್ಟಿ ಮ್ಯಾಲ ಇಡವಾ. ಆಮ್ಯಾಲ ತಗೋತೀನಿ."

"ಕೈಯಾಗ ತಗೋರಿ ಕಾಕಾ," ಎಂದೆ. ಇನ್ನೊಮ್ಮೆಯೂ ಎಂದೆ.

ಅವರು ಸುತ್ತ ನಿಂತಿದ್ದ ಆಟೋದವರನ್ನು ಒಮ್ಮೆ ನೋಡಿದರು. "ಬ್ಯಾಡ ಮಗಳ," ಎಂದರು ಸಣ್ಣ ದನಿಯಲ್ಲಿ. "ಮಂದಿ ನೋಡ್ತಾರ."