ಎರಡು ಬೀಜದ ಗೋರಟೆ

ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಬೆಳೆದಿರುತ್ತಿತ್ತು. ಹೂ ಸೀಳಲು ತಮಗೆ ಬ್ಲೇಡು ಬೇಕಿಲ್ಲ ಎನ್ನುವ ಜಂಬ. ನಾನು ಬಿಸಿಲಲ್ಲಿ ಬೆಟ್ಟ ಹತ್ತಿ ತಂದ ಗೋರಟೆ ಹೂವನ್ನು ಆ ಉಗುರಿನಿಂದ ಚರ್ರನೆ ಸೀಳಿ, ಒಳಗೆ ಇಣುಕಿ, "ಹೂಂ, ಒಯ್ದು ಚೆಲ್ಲು" ಎನ್ನುತ್ತಿದ್ದರು. ಊಟದ ಡಬ್ಬಿ ಬಿಚ್ಚುವಾಗಲೂ ಉಗುರಿನ ಸಂದಿಯಲ್ಲಿ ಹಳದಿ ಪರಾಗ ಮೆತ್ತಿಕೊಂಡಿರುತ್ತಿತ್ತು. ಅದನ್ನು ಕಂಡರೆ ನನಗೆ ವಾಕರಿಕೆ.

ಅವರು ನನ್ನ ಪಿಎಚ್‌ಡಿ ಗೈಡ್. ನವನಗರದ ಒಂದು ಕಾಲೇಜಿನ ಹಿಂದಿನ ಕೋಣೆಯಲ್ಲಿ, ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಕಪಾಟುಗಳ ನಡುವೆ ಕೂತಿರುತ್ತಿದ್ದರು. ನನ್ನ ಪಾಲಿಗೆ ಬಂದ ಕೆಲಸ ಗೋರಟೆ ಕುಲದ ಪರಿಷ್ಕರಣೆ. ಎಂದರೆ, ಈ ಕುಲದ ಗಿಡಗಳಿಗೆ ಯಾರ್ಯಾರೋ ಇಟ್ಟ ಹೆಸರುಗಳನ್ನೆಲ್ಲ ಮುಂದೆ ಹರವಿಕೊಂಡು, ಯಾವುದು ನಿಜವಾಗಿ ಬೇರೆ ಪ್ರಭೇದ, ಯಾವುದು ಒಂದೇ ಗಿಡಕ್ಕೆ ಬಿದ್ದ ಎರಡನೇ ಹೆಸರು ಎಂದು ನೋಡಿ, ಸುಳ್ಳು ಹೆಸರುಗಳನ್ನು ಹೊಡೆದುಹಾಕುವುದು.

ಮೊದಲ ವರ್ಷ ಎರಡು ಗಿಡಗಳ ಹೆಸರನ್ನು ಅದಲು ಬದಲು ಮಾಡಿದೆ. ಉಳಿದ ವಿದ್ಯಾರ್ಥಿಗಳೆಲ್ಲ ಅಲ್ಲೇ ಇದ್ದರು.

"ಯಾವೂರಾಕಿ ನೀ?" ಎಂದರು.

"ಬೇವೂರರೀ ಸರ್."

"ಅಪ್ಪ ಏನ್ ಮಾಡ್ತಾನ?"

"ಕುರಿ ಅದಾವರೀ."

"ಹಂಗಾರ ನಾಳಿಂದ ಕುರೀನ ಕಳಸು. ನಿನಗಿಂತ ಚಲೋ ಗಿಡಾ ಗುರ್ತ ಹಿಡಿತಾವು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದಿದ್ದರೆ ಅವರ ಗತಿ ಏನು, ಪಾಪ!

ಅವತ್ತೇ ಹಟ ತೊಟ್ಟೆ. ಈ ಮನುಷ್ಯ ಹರೆಯದಲ್ಲಿ ಬಾದಾಮಿ ಬೆಟ್ಟದ ಒಂದು ನೀಲಿ ಗೋರಟೆಯನ್ನು ಹೊಸ ಪ್ರಭೇದ ಎಂದು ಸಾರಿ ಹೆಸರಿಟ್ಟಿದ್ದರು. ಇಡೀ ಜೀವಮಾನದಲ್ಲಿ ಇಟ್ಟದ್ದು ಅದೊಂದೇ. ಅದನ್ನು ಅಳಿಸಿಯೇ ತೀರಬೇಕು ಎಂದುಕೊಂಡೆ. ಹೆಸರಿಡುವಾಗ ಅವರು ಆ ಗಿಡ ಅಂಟಿಸಿಟ್ಟಿದ್ದ ಮೂಲ ಹಾಳೆ ತೆಗೆದು ನೋಡಿದರೆ ಹೂವೂ ಎಲೆಯೂ ನಮ್ಮ ಊರ ಬೇಲಿಯ ಗೋರಟೆಯದ್ದೇ. ಕಾಯಲ್ಲಿ ನಾಲ್ಕರ ಬದಲು ಎರಡೇ ಬೀಜ ಎಂದು ಬರೆದಿದ್ದರು. ಆದರೆ ಹಾಳೆಯ ಮೇಲಿದ್ದದ್ದು ಒಂದೇ ಒಂದು ಕಾಯಿ. ಉಳಿದೆರಡು ಬೀಜ ಜೊಳ್ಳಾಗಿ ಉದುರಿರಬೇಕು ಎಂದು ತೀರ್ಮಾನಿಸಿದೆ. ನಿಜ ಹೇಳುತ್ತೇನೆ, ಹಾಗೆ ತೀರ್ಮಾನಿಸುವಾಗ ನನಗೆ ಹಿಗ್ಗೋ ಹಿಗ್ಗು. ಇದು ಹೊಸ ಪ್ರಭೇದವಲ್ಲ, ಊರ ಗೋರಟೆಯೇ ಎಂದು ಇಡೀ ಅಧ್ಯಾಯ ಬರೆದು ಅವರ ಮೇಜಿನ ಮೇಲಿಟ್ಟೆ.

ಓದಿ ಮುಗಿಸಿ ಉಗುರಿನಿಂದ ಮೇಜು ಕುಟ್ಟಿದರು. "ಗಿಡದ ಮ್ಯಾಗ ಕಾಯಿ ನೋಡೀಯೇನು?"

"ಹೂ ಎರಡೂ ಒಂದ ಅದಾವರೀ ಸರ್."

"ಹೂ ನೋಡಿ ಮಳ್ಳಾಗವ್ರು ಭಾಳ ಮಂದಿ ಅದಾರ. ನಾ ಕೇಳಿದ್ದು ಕಾಯಿ." ಫೈಲು ಬಾಗಿಲಾಚೆ ಹೋಗಿ ಬಿತ್ತು. "ಇದಕ್ಕ ನಾ ಸಹಿ ಹಾಕಂಗಿಲ್ಲ."

ಸಹಿ ಇಲ್ಲದಿದ್ದರೆ ನನ್ನ ಆರು ವರ್ಷ ಮಣ್ಣುಪಾಲು. ತಮ್ಮ ಹೆಸರು ಉಳಿಸಿಕೊಳ್ಳಲು ನನ್ನ ಕತ್ತು ಹಿಸುಕುತ್ತಿದ್ದಾರೆ ಎಂದೇ ನಂಬಿದೆ. ನಾಲ್ಕು ಬೀಜದ ಕಾಯಿ ತಂದು ಮುಖಕ್ಕೆ ಎಸೆಯಬೇಕೆಂದು ಅಪ್ಪನನ್ನು ಕರೆದುಕೊಂಡು ಬಾದಾಮಿ ಬೆಟ್ಟಕ್ಕೆ ಹೋದೆ.

ಗೋರಟೆ ಕಾಯಿ ಒಣಗಿದೊಡನೆ ಟಪ್ಪೆಂದು ಸಿಡಿದು ಬೀಜ ಹಾರಿಸಿಬಿಡುತ್ತದೆ. ಒಣಗಿದ್ದವೆಲ್ಲ ಬರೀ ಸಿಪ್ಪೆ, ಉಳಿದವು ಇನ್ನೂ ಹಸಿರು. ತಲೆಯ ಮೇಲೆ ಕೈಹೊತ್ತು ಕೂತೆ. ಅಪ್ಪ ಒಂದು ಎಲೆ ಕಿತ್ತು ಮೂಸಿದ.

"ಇದು ನಮ್ಮೂರ ಗೋರಟಿ ಅಲ್ಲ ಬೇ ಯವ್ವಾ. ಅದನ್ನ ಕುರಿ ಕಚಾಕಚಾ ತಿಂತಾವು. ಇತ್ಲಾಗ ಮೇಸಾಕ ಬಂದಾಗ ನೋಡೀನಿ, ಇದನ್ನ ಮೂಸಿ ಬಿಟ್ಟು ಹೋಗ್ತಾವು."

ಅವ್ವನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆವು. ಅದನ್ನೇ ಹರಿದು, ಸಿಡಿದ ಬೀಜ ಒಳಗೇ ಉಳಿಯಲೆಂದು ಹಸಿರು ಕಾಯಿಗಳಿಗೆ ಒಂದೊಂದು ಗಂಟು ಕಟ್ಟಿ ಬಂದೆ. ಇಪ್ಪತ್ತು ದಿನ ಬಿಟ್ಟು ಹೋಗಿ ಬಿಚ್ಚಿದರೆ ಒಂದರಲ್ಲಿ ಎರಡು ಬೀಜ. ಇನ್ನೊಂದರಲ್ಲೂ ಎರಡು. ಎಲ್ಲದರಲ್ಲೂ ಎರಡೇ, ಒಂದೂ ಜೊಳ್ಳಿಲ್ಲ. ಬಂಡೆಯ ಮೇಲೆ ಕೂತು ಸಿಟ್ಟಿಗೆ ಅತ್ತುಬಿಟ್ಟೆ.

ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಮನೆಗೆ ಹೋಗಿ, ತಿದ್ದಿ ಬರೆದ ಅಧ್ಯಾಯ ಕೊಟ್ಟು, ಬೀಜಗಳನ್ನು ಅವರ ಅಂಗೈಗೆ ಹಾಕಿದೆ. ಉಗುರಿನಿಂದ ಜೋಡಿ ಜೋಡಿಯಾಗಿ ಸರಿಸಿ ನೋಡಿದರು. ಒಂದು ಒಳ್ಳೆಯ ಮಾತು ಬಂದೀತೆಂದು ನಾಚಿಕೆಯಿಲ್ಲದೆ ಕಾದೆ.

"ಗಿಡಾ ಬ್ಯಾರೆ ಅಂತ ಯಾರು ಗುರ್ತ ಹಿಡಿದ್ರು? ನೀನೋ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕುರಿರೀ ಸರ್."

"ಹೇಳಿದ್ದಿಲ್ಲೇನು ನಾ?" ಎಂದವರೇ ಸಹಿ ಹಾಕಿ ಗೋಡೆ ಕಡೆ ಹೊರಳಿದರು.

ಮರು ತಿಂಗಳು ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ. ಹೋಗಬೇಕಿತ್ತು ಎಂದು ಇವತ್ತಿಗೂ ಅನಿಸಿಲ್ಲ. ಕಾಯಿ ನೋಡದೆ ನಾನೀಗ ಯಾವ ಗಿಡಕ್ಕೂ ಹೆಸರು ಹೇಳುವುದಿಲ್ಲ, ಅದು ಅವರ ಋಣ. ನನ್ನ ಕೈಕೆಳಗಿನ ವಿದ್ಯಾರ್ಥಿಗಳನ್ನು ಅಪ್ಪ ಏನು ಮಾಡುತ್ತಾನೆ ಎಂದು ಕೇಳುವುದಿಲ್ಲ, ಅದೂ ಅವರಿಂದಲೇ ಕಲಿತದ್ದು.

ನಮ್ಮ ಶಾಸ್ತ್ರದಲ್ಲಿ ಒಂದು ಕಟ್ಟಳೆ ಇದೆ. ಗಿಡದ ಹೆಸರಿನ ಪಕ್ಕದಲ್ಲೇ, ಅದನ್ನು ಇಟ್ಟವರ ಹೆಸರನ್ನೂ ಬರೆಯಬೇಕು. ಅವರ ಗೋರಟೆ ಸುಳ್ಳೆಂದು ಸಾಧಿಸಿದ್ದರೆ ಆ ಹೆಸರು ಅಲ್ಲಿಗೇ ಮುಗಿಯುತ್ತಿತ್ತು. ಖರೆ ಎಂದು ಸಾಧಿಸಿದವಳು ನಾನೇ. ಹೀಗಾಗಿ ಆ ಗಿಡದ ಬಗ್ಗೆ ಬರೆಯುವಾಗಲೆಲ್ಲ, ಸಾಯುವತನಕ, ಅವರ ಹೆಸರನ್ನು ನನ್ನ ಕೈಯಾರೆ ಬರೆಯಬೇಕು. ಈ ಬರಹಕ್ಕೆ ಆ ಕಟ್ಟಳೆ ಇಲ್ಲ. ಅದಕ್ಕೇ ಇಲ್ಲಿ ಬರೆದಿಲ್ಲ.