ರೊಟ್ಟಿಗೊಂದು ಉಡುಪು

ಬಿಸ್ಕತ್ತಿನ ಪೊಟ್ಟಣವನ್ನು ಮರ್ಯಾದೆಯಿಂದ ಬಿಚ್ಚುವ ವಿದ್ಯೆ ನನಗೆ ಈ ವಯಸ್ಸಿನಲ್ಲಿಯೂ ಸಿದ್ಧಿಸಿಲ್ಲ. ತುದಿಯಲ್ಲೊಂದು ಕೆಂಪು ಪಟ್ಟಿ, ಪಕ್ಕದಲ್ಲೊಂದು ಪುಟ್ಟ ಬಾಣದ ಗುರುತು, ಇಲ್ಲಿಂದ ಎಳೆಯಿರಿ ಎಂಬ ವಿನಮ್ರ ವಿಜ್ಞಾಪನೆ. ಕಂಪನಿಯವರು ತಮ್ಮ ಕರ್ತವ್ಯದಲ್ಲಿ ಯಾವ ಲೋಪವನ್ನೂ ಮಾಡಿರುವುದಿಲ್ಲ. ನಾನು ಎಳೆಯುವುದೂ ಅಲ್ಲಿಂದಲೇ. ಆದರೆ ಪೊಟ್ಟಣ ಮಾತ್ರ ತನಗೆ ತೋಚಿದ ಕಡೆ ಹರಿದು, ಒಂದಷ್ಟು ಬಿಸ್ಕತ್ತು ಚಹಾದ ಬಸಿಗೆ, ಮಿಕ್ಕಷ್ಟು ನನ್ನ ಮಡಿಲಿಗೆ ಬೀಳುತ್ತವೆ. ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತಳಾದ ನನ್ನ ಹೆಂಡತಿ ರೂತ್, ಇಂಥ ಅಪಘಾತಗಳನ್ನು ಬಹಳ ನೋಡಿದವಳಾದ್ದರಿಂದ, ಒಂದು ತಟ್ಟೆ ತಂದು ಮುಂದಿಡುತ್ತಾಳೆ.

ಬೀದರಿನ ನಮ್ಮ ಮನೆಯಲ್ಲಿ ಪ್ರಾತಃಕಾಲದ ಈ ಕದನ ಮುಗಿದ ಮೇಲೆ ಕೈಯಲ್ಲಿ ಉಳಿಯುವ ಆ ಹರಿದ ಚೂರನ್ನು ನೋಡುತ್ತ ಕೂರುವುದು ಈಚಿನ ನನ್ನ ಅಭ್ಯಾಸ. ಬಿಸ್ಕತ್ತಿನ ಆಯುಸ್ಸು ಒಂದು ಕಪ್ಪು ಚಹಾದಷ್ಟು. ಅದು ತೊಟ್ಟ ಉಡುಪಿನ ಆಯುಸ್ಸೋ ನನ್ನ ಮೊಮ್ಮಕ್ಕಳ ಮೊಮ್ಮಕ್ಕಳನ್ನೂ ದಾಟುವಂಥದ್ದು. ದೇಹ ನಶ್ವರ, ಆತ್ಮ ಶಾಶ್ವತ ಎಂದು ದೇವಾಲಯದಲ್ಲೂ ಚರ್ಚಿನಲ್ಲೂ ಕೇಳಿ ಬೆಳೆದವರು ನಾವು. ದೇಹ ಆತ್ಮಗಳೆರಡೂ ತೀರಿ ಬರೀ ಅಂಗಿ ಶಾಶ್ವತವಾಗಿ ಉಳಿಯುವ ಈ ಹೊಸ ವೇದಾಂತವನ್ನು ಯಾರೂ ನಮಗೆ ಬೋಧಿಸಿರಲಿಲ್ಲ. ಹಾಗೆಂದು ಈ ಚಿಂತನೆ ನನಗೆ ತಾನಾಗಿ ಹೊಳೆದದ್ದೂ ಅಲ್ಲ. ಹೊಳೆಯಿಸಿದ್ದು ನನ್ನ ಅಕ್ಕನ ರೊಟ್ಟಿ ಕಂಪನಿ.

ಅಕ್ಕ ಶಾಂತಾಬಾಯಿ ಇರುವುದು ಭಾಲ್ಕಿಯಲ್ಲಿ. ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಒಂದು ಶೆಡ್ಡು, ಅದರೊಳಗೆ ಸಾಲಾಗಿ ಒಲೆಗಳು, ಒಲೆಗಳ ಮುಂದೆ ಮಾತು ನಿಲ್ಲಿಸದೆ ರೊಟ್ಟಿ ಬಡಿಯುವ ಹೆಂಗಸರು, ಇದೇ ಕಂಪನಿ. ತೆಳ್ಳಗೆ ಬಡಿದು ಗರಿಗರಿಯಾಗುವ ತನಕ ಕಾಯಿಸಿದ ಖಡಕ್ ಜೋಳದ ರೊಟ್ಟಿ ಅಲ್ಲಿಂದ ಬೀದರ್, ಔರಾದಿನ ಅಂಗಡಿಗಳಿಗೆ ಹೋಗುತ್ತದೆ. ಕನ್ನಡ ಮಾಸ್ತರನಾಗಿದ್ದವನೆಂಬ ಒಂದೇ ಕಾರಣಕ್ಕೆ ನಾನು ಆ ಕಂಪನಿಯ ಸಾಹಿತ್ಯ ಮತ್ತು ಸೌಂದರ್ಯ ಸಲಹೆಗಾರ. ರೊಟ್ಟಿ ತುಂಬುವ ಪ್ಲಾಸ್ಟಿಕ್ ಕವರು ಹೊಳೆಯುವ ಹಳದಿ ಇರಲಿ, ದೂರದಿಂದಲೇ ಕಣ್ಣಿಗೆ ಹೊಡೆಯಬೇಕು ಎಂದು ಸೂಚಿಸಿದವನೂ ನಾನೇ.

ಇನ್ನು ಕಾಶಮ್ಮನ ಪರಿಚಯವಾಗಬೇಕು. ನಮ್ಮ ತಂದೆ ಸಂತಪುರದ ಸಾಲೆಯಲ್ಲಿ ಕಲಿಸುತ್ತಿದ್ದಾಗ ಪಕ್ಕದ ಮನೆಯ ಕುರಿಗಾರರ ಮಗಳು ಅವಳು, ಅಕ್ಕನ ಓರಗೆಯವಳು. ಕ್ರಿಸ್‌ಮಸ್ಸಿನ ಕರಿಗಡುಬು ಆಚೆ ಮನೆಗೆ, ಪಂಚಮಿಯ ಉಂಡೆ ಈಚೆ ಮನೆಗೆ ದಾಟುತ್ತ ದಾಟುತ್ತ ಇಬ್ಬರೂ ದೊಡ್ಡವರಾದರು. ಕಾಶಮ್ಮ ಇಂದಿಗೂ ಸಂತಪುರದಲ್ಲೇ ಕುರಿ, ಹೊಲ ನೋಡಿಕೊಂಡಿದ್ದಾಳೆ. ಆಗಾಗ ಬಸ್ಸು ಬದಲಿಸಿ ಭಾಲ್ಕಿಗೆ ಬಂದು, ಯಾರೂ ಕೇಳದಿದ್ದರೂ ಶೆಡ್ಡಿನಲ್ಲಿ ನಾಲ್ಕು ರೊಟ್ಟಿ ಬಡಿದು, ಅಕ್ಕನ ಕೆಲಸ ಕೆಡಿಸಿ, ಹೊಟ್ಟೆ ತುಂಬ ಮಾತಾಡಿ ಹೋಗುವುದು ಅವಳ ಪದ್ಧತಿಯಾಗಿತ್ತು.

ಅವಳದೊಂದು ಕುರಿ ಇತ್ತು. ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡಿದ್ದ ಮರಿಯನ್ನು ಕಾಶಮ್ಮ ಕೈಯಾರೆ ಹಾಲು ಕುಡಿಸಿ ಬೆಳೆಸಿದ್ದಳು. ಅದು ಹಿಂಡಿನ ಜೊತೆ ಹೋಗುವುದಕ್ಕಿಂತ ಅವಳ ಸೆರಗಿನ ಹಿಂದೆ ಅಲೆದದ್ದೇ ಹೆಚ್ಚು. ಅದು ಒಂದು ದಿನ ಹೊಟ್ಟೆ ಉಬ್ಬಿಸಿಕೊಂಡು, ಮೇವು ಬಿಟ್ಟು, ಸತ್ತಿತು. ಸುದ್ದಿ ತಿಳಿದು ಅಕ್ಕ ಸಂತಪುರಕ್ಕೆ ಹೋದಾಗ ಮನೆಯವರು ಅದರ ಹೊಟ್ಟೆ ಸೀಳಿ ನೋಡಿದ್ದರು. ಒಳಗೆ ಪ್ಲಾಸ್ಟಿಕ್ಕಿನ ಒಂದು ಉಂಡೆ. ಅದರಲ್ಲಿ ಬೇರೆಲ್ಲ ಬಣ್ಣ ಮಾಸಿದ್ದರೂ ಒಂದು ಚೂರು ಮಾತ್ರ ಹಳದಿಯಾಗಿಯೇ ಹೊಳೆಯುತ್ತಿತ್ತು.

ಕಾಶಮ್ಮ ಇಷ್ಟೇ ಕೇಳಿದಳಂತೆ: "ಶಾಂತಾ, ಇದು ನಿಮ್ಮದೇ ಅಲ್ಲ?"

ಅಂದಿನಿಂದ ಅವಳು ಭಾಲ್ಕಿಗೆ ಬರಲಿಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಎತ್ತಿದರೂ ಹಾಂ, ಹೂಂ, ಇಡ್ತೀನಿ, ಅಷ್ಟೇ. ಅಕ್ಕ ಯಾರ ಮುಂದೆಯೂ ಅತ್ತವಳಲ್ಲ, ನನ್ನ ಮುಂದೆಯೂ ಅಳಲಿಲ್ಲ. "ತಮ್ಮಾ, ಹಳದಿ ಛಂದ ಕಾಣ್ತದ ಅಂತ ನೀ ಹೇಳಿದ್ದಿ ನೋಡು. ಕುರಿಗೂ ಛಂದ ಕಂಡದ," ಎಂದಳು. ಆಮೇಲೆ, "ಇನ್ನ ಮ್ಯಾಲ ಒಂದು ರೊಟ್ಟೀನೂ ಅದರಾಗ ಹಾಕಂಗಿಲ್ಲ," ಎಂದು, ಅಚ್ಚಾಗಿ ಬಂದಿದ್ದ ಕವರುಗಳ ಗಂಟನ್ನು ಮರುಬಳಕೆಗೆ ಒಯ್ಯುವವರಿಗೆ ಎತ್ತಿಕೊಟ್ಟಳು. 

ಉಡುಪು ಕಳಚುವುದು ಸುಲಭ, ಬೇರೆ ಉಡುಪು ಹೊಂದಿಸುವುದು ಎಷ್ಟು ಕಷ್ಟವೆಂದು ರೊಟ್ಟಿ ನಮಗೆ ಕಲಿಸಿತು. ಮೊದಲು ಕಾಗದದ ಚೀಲ. ಮಳೆಗಾಲದ ಗಾಳಿ ಕಾಗದವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಒಳನುಗ್ಗಿ, ಖಡಕ್ ರೊಟ್ಟಿಗಳೆಲ್ಲ ಹೊಸ ಅಳಿಯಂದಿರ ಹಾಗೆ ಮೆತ್ತಗಾದವು. ನಂತರ ಮುತ್ತುಗದ ಎಲೆ. ಈ ಸಲಹೆ ನನ್ನದು. ನಮ್ಮ ಕಡೆ ಪತ್ರಾವಳಿ ಹಚ್ಚುವ ಎಲೆ ಅದೇ ಆದ್ದರಿಂದ ಪರಂಪರೆ, ಪರಿಸರ, ಪ್ರಾಸ ಮೂರೂ ಕೂಡಿಬರುತ್ತವೆಂದು ನಾನೊಂದು ಸಣ್ಣ ಉಪನ್ಯಾಸವನ್ನೇ ಕೊಟ್ಟಿದ್ದೆ. ಎಲೆ ಸುತ್ತಿದ ಮೊದಲ ಬುಟ್ಟಿಯನ್ನು ನಾನೇ ಕಮಠಾಣದ ಅಂಗಡಿಗೆ ಒಯ್ದೆ. ಬಸ್ಸಿನಿಂದಿಳಿದು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಪರಿಚಯದವರೊಬ್ಬರ ಆರೋಗ್ಯ ವಿಚಾರಿಸಿ ತಿರುಗುವಷ್ಟರಲ್ಲಿ ಒಂದು ಆಡು ಎಲೆಯ ಹೊದಿಕೆಯನ್ನು ಮುಗಿಸಿ ರೊಟ್ಟಿಗೆ ಬಾಯಿ ಹಾಕಿತ್ತು. ಪ್ಯಾಕಿಂಗು ನಿರುಪದ್ರವಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವ ಪ್ರಯೋಗಾಲಯವೂ ಕೊಡಲಾರದು ಎಂದು ನಾನು ವಾದಿಸಿದೆ, ಅಕ್ಕ ಒಪ್ಪಲಿಲ್ಲ.

ಕೊನೆಗೆ ಗೆದ್ದದ್ದು ಬುತ್ತಿಬಟ್ಟೆ. ಹೊಲಕ್ಕೆ, ಊರಿಗೆ, ಬೀಗರ ಮನೆಗೆ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದ ಅದೇ ದಪ್ಪನೆಯ ಮಂಜರಪಾಟ ಬಟ್ಟೆ. ರೊಟ್ಟಿಗಳು ಮುರಿಯದ ಹಾಗೆ ಮೇಲೊಂದು ಕೆಳಗೊಂದು ದುಂಡನೆಯ ರಟ್ಟು, ತೇವ ತಾಗದ ಹಾಗೆ ಒಲೆಯ ಮೇಲೆ ಇನ್ನೊಂದು ಸುತ್ತಿನ ಕಾಯಿಸುವಿಕೆ, ಮಳೆ ಜೋರಾದ ದಿನಗಳಲ್ಲಿ ಅಂಗಡಿಯವರಿಗೆ ಮುಚ್ಚಳದ ತಗಡಿನ ಡಬ್ಬಿ. ಬಟ್ಟೆ ಗಿರಾಕಿಯ ಮನೆಯಿಂದ ಅಂಗಡಿಗೆ ಮರಳಬೇಕು, ಅಂಗಡಿಯಿಂದ ಶೆಡ್ಡಿಗೆ ಬರಬೇಕು, ಮತ್ತೆ ರೊಟ್ಟಿ ಹೊತ್ತು ಹೋಗಬೇಕು. ಶುಚಿತ್ವದ ಖಾತೆ ರೂತಳದು. "ಆಸ್ಪತ್ರ್ಯಾಗ ಹ್ಯಾಂಗ ಕುದಿಸ್ತಿದ್ದೆವೋ ಹಾಂಗೇ ಕುದೀಬೇಕ್ರಿ ಅಕ್ಕಾ, ಬಿಸಿಲಿಗೆ ಒಣಗಬೇಕು, ಇಸ್ತ್ರಿ ಆಗಬೇಕು," ಎಂದು ಅವಳು ಭಾಲ್ಕಿಗೆ ಹೋಗಿ ದೊಡ್ಡ ಹಂಡೆ ಹೂಡಿಸಿಯೇ ಬಂದಳು. ದೊಡ್ಡ ದೊಡ್ಡ ಕಂಪನಿಗಳಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಅವರು ಒಮ್ಮೆ ಆ ಶೆಡ್ಡಿಗೆ ಬಂದು ಕೂತರೆ, ಒಂದು ಹೊದಿಕೆ ಬದಲಾಗಬೇಕಾದರೆ ಒಲೆ, ಬಸ್ಸು, ಕಪಾಟು, ಗಿರಾಕಿಯ ಅಡುಗೆಮನೆ ಎಲ್ಲವೂ ಸ್ವಲ್ಪ ಸ್ವಲ್ಪ ಸರಿದು ಕೂರಬೇಕಾಗುತ್ತದೆ ಎಂಬುದು ಗೊತ್ತಾದೀತು.

ಬೀದರಿನ ಅಂಗಡಿಯ ಯಜಮಾನರು ಮೊದಲು ಮುಖ ಸಿಂಡರಿಸಿದರು. "ಮಾಸ್ತರ್ರೇ, ಗಿರಾಕಿಗೆ ಮಾಲ್ ಕಾಣಬೇಕ್ರಿ. ಹಿಂಗ ಗಂಟು ಕಟ್ಟಿಟ್ಟರ ಒಳಗೇನದ ಅಂತ ಹ್ಯಾಂಗ ತಿಳೀಬೇಕು?" ಗಾಜಿನ ಬರಣಿಯೊಂದರಲ್ಲಿ ಒಂದು ರೊಟ್ಟಿಯನ್ನು ನಿಲ್ಲಿಸಿ ಹಣದ ಗಲ್ಲೆಯ ಪಕ್ಕದಲ್ಲಿಟ್ಟ ಮೇಲೆ ಅವರ ಮುಖ ಸಡಿಲಾಯಿತು. ಗಂಟುಗಳು ಮಾರಾಟವಾದವು. ಮೊದಲ ಗಂಟನ್ನು ಮಾತ್ರ ಅಕ್ಕ ಮಾರಿರಲಿಲ್ಲ. ಅದನ್ನು ಸಂತಪುರದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಾಶಮ್ಮನಿಗೆ ಕಳಿಸಿದ್ದಳು.

ಪ್ರತಿ ಗಂಟಿಗೂ ಒಂದು ಚೀಟಿ ಇರಲೆಂದು ಬಯಸಿದವರು ಎಲ್ಲರೂ. ಬರೆದವನು, ನೀವು ಊಹಿಸಿರುತ್ತೀರಿ, ನಾನು. "ರೊಟ್ಟಿ ತಿಂದು ಖಾಲಿ ಬಟ್ಟೆಯನ್ನು ದಯವಿಟ್ಟು ಅಂಗಡಿಗೆ ಮರಳಿಸಿ." ಸರಳ, ಸ್ಪಷ್ಟ, ಸುಂದರ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ಆಯಿತು.

ಒಂದು ಬಟ್ಟೆಯೂ ಬರಲಿಲ್ಲ. ವಾರಗಳು ಕಳೆದವು; ರೊಟ್ಟಿ ಹೋಗುತ್ತಿತ್ತು, ಬಟ್ಟೆ ಹೋಗುತ್ತಿತ್ತು, ಬರುವುದು ಏನೂ ಇಲ್ಲ. ಹೊಸ ಬಟ್ಟೆ ಹೊಲಿಸುತ್ತಲೇ ಹೋದರೆ ಕಂಪನಿ ಉಳಿಯುವುದಿಲ್ಲ, ಹಳದಿ ಕವರಿಗೆ ಮರಳಿದರೆ ಅಕ್ಕನ ಮನಸ್ಸು ಉಳಿಯುವುದಿಲ್ಲ. ಶೆಡ್ಡಿನ ಹೆಂಗಸರು ಮಾತು ಕಡಿಮೆ ಮಾಡಿದರು. ಅಕ್ಕ ಮಾತ್ರ ಯಾವ ಬಸ್ಸು ಬಂದರೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಸಂತಪುರದ್ದು ಬಂತೇನು?"

ಕಾರಣ ಹುಡುಕಲು ನಾನು ಔರಾದಿಗೆ ಹೋದೆ. ಅಂಗಡಿಯ ಪಕ್ಕದ ಮನೆಯ ಸುಶೀಲಾ ಎಂಬ ಗೃಹಿಣಿ ನಮ್ಮ ಕಾಯಂ ಗಿರಾಕಿ. ಬಟ್ಟೆಯ ವಿಷಯ ಎತ್ತಿದ್ದೇ ತಡ, ಆಕೆ ಒಳಗಿನಿಂದ ಒಗೆದು ಮಡಿಸಿದ ನಮ್ಮ ಬಟ್ಟೆಗಳ ಒಂದು ಥಪ್ಪಿಯನ್ನೇ ತಂದು ತೋರಿಸಿದರು.

"ಎಲ್ಲಾ ಇಲ್ಲೇ ಅವ ರೀ ಸರ್. ಖಾಲಿ ಬಟ್ಟಿ ಹ್ಯಾಂಗ ಕೊಡೋದು ಅಂತ ಕುಂತೀನಿ. ಹುಣಸಿಹಣ್ಣು ಬಡದ ಮ್ಯಾಲ ಒಂದೊಂದು ಮುಷ್ಟಿ ಕಟ್ಟಿ ಕೊಡಬೇಕಂತ ಮಾಡೀನಿ."

"ಚೀಟಿಯಾಗ ಖಾಲೀನೇ ಕೊಡ್ರಿ ಅಂತ ಬರದದಲ್ಲರಿ?"

"ಬರದದರಿ. ಪಾಪ, ಬರದವರಿಗೆ ನಮ್ಮ ಕಡಿ ರೀತಿ ಗೊತ್ತಿಲ್ಲ ಅಂತ ಸುಮ್ಮನಾದೆ."

ನಾನು ಕುಡಿಯಲು ಸ್ವಲ್ಪ ನೀರು ಕೇಳಿದೆ. ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಇರುವವನು ನಾನು. ಒಂದು ಮನೆಯಿಂದ ಬಂದ ಬುತ್ತಿಬಟ್ಟೆಯನ್ನು ನಮ್ಮ ಕಡೆ ಯಾರೂ ಬರಿದಾಗಿ ಕೊಡುವುದಿಲ್ಲ. ಒಂದು ಹಿಡಿ ಜೋಳವೋ, ಬೆಲ್ಲದ ತುಣುಕೋ, ಏನಾದರೊಂದು ಅದರಲ್ಲಿರಲೇಬೇಕು. ಖಾಲಿ ಬಟ್ಟೆ ಕಳಿಸಿದರೆ ನಿಮಗೂ ನಮಗೂ ತೀರಿತು ಎಂದು ಹೇಳಿ ಕಳಿಸಿದ ಹಾಗೆ. ನಮ್ಮ ಅವ್ವ ದಿನವೂ ಮಾಡುತ್ತಿದ್ದುದನ್ನು ಅಂಗಡಿಯ ವ್ಯವಹಾರವೆಂದ ಕೂಡಲೇ ನಾನು ಮರೆತಿದ್ದೆ, ಗಿರಾಕಿಗಳು ಮರೆತಿರಲಿಲ್ಲ. ಪ್ಲಾಸ್ಟಿಕ್ ಕವರನ್ನು ಅವರು ಕಂಪನಿಯ ಸಾಮಾನೆಂದು ಬಿಸಾಡಿದರು. ಬಟ್ಟೆ ಕೈಗೆ ಬಂದೊಡನೆ ಅದು ಶಾಂತಾಬಾಯಿಯ ಮನೆಯದಾಯಿತು.

ಸುದ್ದಿ ಕೇಳಿ ಶೆಡ್ಡೆಲ್ಲ ನಕ್ಕಿತು. ಚೀಟಿಯನ್ನು ಕೈಬಿಟ್ಟೆವು. ಸುಗ್ಗಿಯ ಹೊತ್ತಿಗೆ ಬಟ್ಟೆಗಳು ಬಂದವು ನೋಡಿ: ಹಸಿ ತೊಗರಿಕಾಯಿ, ಹುಣಸೆ, ಒಣಮೆಣಸಿನಕಾಯಿ, ಯಾರೋ ಚರ್ಚಿನಿಂದ ತಂದ ಕೇಕಿನ ತುಂಡು. ಮಧ್ಯಾಹ್ನದ ಊಟಕ್ಕೆ ಶೆಡ್ಡಿನವರು ಪೇಟೆಗೆ ಹೋಗುವುದೇ ತಪ್ಪಿತು. ಅಕ್ಕನೂ ನಗುತ್ತಿದ್ದಳು, ಆದರೆ ಅವಳ ಕಣ್ಣು ಆ ರಾಶಿಯಲ್ಲಿ ಒಂದನ್ನೇ ಹುಡುಕುತ್ತಿತ್ತು. ಈಗ ಅವಳ ಭಯ ಬೇರೆಯಾಗಿತ್ತು. ಬಟ್ಟೆ ಬಾರದಿದ್ದರೆ ಸಿಟ್ಟು ಇನ್ನೂ ಇದೆ ಎಂದರ್ಥ. ಖಾಲಿ ಬಂದರೋ, ಮುಂದೆ ಮಾತೇ ಇಲ್ಲ.

ಬಂದದ್ದು ಬಟ್ಟೆಯೊಂದೇ ಅಲ್ಲ, ಕಾಶಮ್ಮನೇ ಬಂದಳು. ನಾನು ಆ ದಿನ ಅಲ್ಲಿದ್ದೆ. ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ಗಂಟನ್ನು ಮುಂದೆ ಚಾಚಿದಳು.

"ಕುರಿ ಉಣ್ಣಿ ಕತ್ತರಿಸೂತನಾ ಕಾಯ್ದೆ. ಖಾಲಿ ಹ್ಯಾಂಗ ತರ್ಲಿ."

ಅಕ್ಕ ಎಷ್ಟು ಎಳೆದರೂ ಗಂಟು ಬಿಚ್ಚಲಿಲ್ಲ. ನಾನು ನೆರವಿಗೆ ಕೈ ಚಾಚಿದೆ. ಬಿಚ್ಚುವ ವಿಷಯದಲ್ಲಿ ನನ್ನ ಖ್ಯಾತಿ ಭಾಲ್ಕಿಯನ್ನೂ ಮುಟ್ಟಿದ್ದರಿಂದ ಇಬ್ಬರೂ ಒಟ್ಟಿಗೆ ನನ್ನ ಕೈ ಸರಿಸಿದರು. ಒಳಗೆ ಕರಿ ಉಣ್ಣೆಯ ದಾರದ ಉಂಡೆಗಳಿದ್ದವು, ಅವಳೇ ನೂತದ್ದು. ರೊಟ್ಟಿಯ ಗಂಟಿನ ಮೇಲೆ ನಾವಿನ್ನೂ ಬಿಗಿಯುತ್ತಿದ್ದುದು ಪ್ಲಾಸ್ಟಿಕ್ ಸುತಳಿ, ಅದು ಅವಳ ಕಣ್ಣಿಗೆ ಬಿದ್ದಿತ್ತು.

"ಅದೊಂದು ಉಳದಿತ್ತಲ್ಲ, ಅದಕ್ಕ," ಎಂದಳು. ಆಮೇಲೆ ನೆಲ ನೋಡುತ್ತ, "ಆ ಹಳದಿ ಕವರ್ ತಿಪ್ಪಿಗೆ ಒಗದಾಕಿ ನಾನೇ ಶಾಂತಾ. ರೊಟ್ಟಿ ತಿಂದು ನಾನೇ ಒಗದಿದ್ದೆ. ನಿನಗ ಯಾವ ಮಾರಿ ತೋರಿಸ್ಲಿ ಅಂತ ಕುಂತಿದ್ದೆ."

ಇಷ್ಟು ದಿನ ಒಬ್ಬಳು ಇನ್ನೊಬ್ಬಳ ಸಿಟ್ಟಿಗೆ ಹೆದರಿ ಕೂತಿದ್ದಳು, ಇನ್ನೊಬ್ಬಳು ತನ್ನ ಮೇಲೆ ತಾನೇ ಸಿಟ್ಟಾಗಿ ಕೂತಿದ್ದಳು.

"ಒಳಗ ಬಾ ಮೊದಲ. ಹಿಟ್ಟು ಆರ್ಲಿಕತ್ತದ," ಎಂದಳು ಅಕ್ಕ.

ಕಾಶಮ್ಮ ಒಳಗೆ ಬಂದು ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು, ಅಕ್ಕನ ಕೆಲಸ ಎಂದಿನಂತೆ ಕೆಟ್ಟಿತು. ಸಂಜೆಯ ಬಸ್ಸಿಗೆ ಹೊರಟಾಗ ಅವಳನ್ನು ಬರಿಗೈಯಲ್ಲಿ ಕಳಿಸುವುದುಂಟೆ? ತಂದ ಬಟ್ಟೆಯಲ್ಲೇ ಬಿಸಿ ರೊಟ್ಟಿ ಇಟ್ಟು, ಅವಳ ದಾರದಿಂದಲೇ ಬಿಗಿದು, ಅಕ್ಕ ಅವಳ ಕಂಕುಳಿಗೆ ಸಿಕ್ಕಿಸಿದಳು. ಮುಂದಿನ ಸಲ ಅದು ಸಜ್ಜೆ ತುಂಬಿಕೊಂಡು ಬಂತು, ಮತ್ತೆ ರೊಟ್ಟಿ ತುಂಬಿಕೊಂಡು ಹೋಯಿತು. ಕಂಪನಿಯ ಮಟ್ಟಿಗೆ ಹೇಳುವುದಾದರೆ ಆ ಒಂದು ಬಟ್ಟೆ ಇಂದಿಗೂ ಜಮಾ ಆಗಿಲ್ಲ. ಅಕ್ಕ ಅದನ್ನು ಕೇಳುವುದನ್ನೂ ಬಿಟ್ಟಿದ್ದಾಳೆ.